ಬರಬಾರದಿದ್ದ ದೇವರು

ಮಾಟುಂಗದ ಸ್ಟೇಷನ್ನಿಂದ ಹೊರಬಿದ್ದು, ಹೂವಿನ ಅಂಗಡಿಗಳ ಸಾಲು ದಾಟಿದರೆ ಒಂದು ಉಡುಪಿ ಹೋಟೆಲು ಸಿಗುತ್ತದೆ. ಅಲ್ಲಿ ಪೂವಪ್ಪ ಮೂವತ್ತಾರು ವರ್ಷಗಳಿಂದ ಇದ್ದಾನೆ, ಈಗ ಸಪ್ಲೈಯರ್. ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ಅವನ ಮುಖ ನೋಡಿ ನಗುತ್ತೀರಿ, ಅವನು ನಾಚಿಕೊಳ್ಳುತ್ತಾನೆ, ಯಾರದೋ ಬಿಳಿ ಅಂಗಿಯ ಮೇಲೆ ಸಾಂಬಾರು ಬೀಳುತ್ತದೆ.

ಕಾಪುವಿನ ಹತ್ತಿರದ ಊರಿನಿಂದ ಹದಿನೇಳನೆಯ ವಯಸ್ಸಿಗೆ ಬಸ್ಸು ಹತ್ತಿ ಬಂದವನು. ಮೊದಲು ಟೇಬಲ್ ಒರೆಸಿದ, ಆಮೇಲೆ ನೀರಿನ ಗ್ಲಾಸು ಇಟ್ಟ, ಆಮೇಲೆ ಸಪ್ಲೈಯರ್ ಆದ. ಮ್ಯಾನೇಜರ್ ಮಾಡುತ್ತೇನೆ ಎಂದು ಧಣಿಗಳು ಎರಡು ಸಲ ಕರೆದು ಹೇಳಿದರೂ ಒಪ್ಪಲಿಲ್ಲ. ಮ್ಯಾನೇಜರ್ ಎಂದರೆ ಒಂದೇ ಕಡೆ ನಿಂತು ಬೇರೆಯವರನ್ನು ಓಡಿಸುವವನು. ಓಡು ಎಂದರೆ ಪೂವಪ್ಪ ದಿನವಿಡೀ ಓಡಿಯಾನು. ನಿಲ್ಲು ಎಂದರೆ ಮಾತ್ರ ಅವನಿಗೆ ಮೈ ಕಡಿಯಲು ಶುರುವಾಗುತ್ತದೆ.

ಅದರಲ್ಲೂ ಯಾರಾದರೂ ಕೈ ಎತ್ತಿದರೆ ಮುಗಿಯಿತು. ಹೋಟೆಲಿನಲ್ಲಿ ಗಿರಾಕಿ ಕೈ ಎತ್ತಿದನೆಂದರೆ ಅವನಿಗೆ ಏನೋ ಬೇಕು, ಸಪ್ಲೈಯರ್ ಹೋಗಬೇಕು. ಇಷ್ಟೇ ಪೂವಪ್ಪನ ವೇದ. ಆದರೆ ಆ ವೇದ ಹೋಟೆಲಿನ ಬಾಗಿಲಿಗೆ ನಿಲ್ಲುತ್ತಿರಲಿಲ್ಲ. ದಾದರಿನಲ್ಲಿ ಯಾರೋ ಟ್ಯಾಕ್ಸಿಗೆಂದು ಕೈ ಎತ್ತಿದರೆ ಟ್ಯಾಕ್ಸಿಗಿಂತ ಮೊದಲು ಇವನು ಅವರ ಮುಂದಿರುತ್ತಿದ್ದ. ಸಂಬಂಧಿಕರ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ನಾಲ್ಕುನೂರು ಜನ ಒಟ್ಟಿಗೆ ಕೈ ಎತ್ತಿದಾಗ ಅವನಿಗೆ ತಲೆ ಸುತ್ತಿ ಕುರ್ಚಿ ಹಿಡಿದುಕೊಂಡು ಕೂತದ್ದನ್ನು ಕಂಡವರು ಇದ್ದಾರೆ.

ಇಂಥವನನ್ನು ಕಲ್ಲಿನ ವಿಗ್ರಹವಾಗಿ ನಿಲ್ಲಿಸಲು ಹೊರಟವಳು ಅವನ ತಂಗಿಯ ಮಗಳು ನಿಶ್ಮಿತಾ.

ತಂಗಿ ಸೇವಂತಿ ಇರುವುದು ಬೊರಿವಲಿಯಲ್ಲಿ. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಬ್ಲೌಸು ಹೊಲಿದು ಮಗಳನ್ನು ಬಿ.ಕಾಂ. ಓದಿಸಿದಳು. ತುಳುವರ ಮನೆಗಳಲ್ಲಿ ಸೋದರಮಾವ ಎಂದರೆ ಮದುವೆಗೆ ಬಂದು ಉಂಡು ಹೋಗುವ ನೆಂಟನಲ್ಲ, ಮಕ್ಕಳ ಪಾಲಿಗೆ ತಂದೆಯಷ್ಟೇ ಹೊಣೆಯವನು. ಪೂವಪ್ಪ ಮದುವೆಯಾಗಲಿಲ್ಲ. ಪ್ರತಿ ಮಂಗಳವಾರದ ರಜೆಗೆ ಮಾಟುಂಗ ರೋಡಿನಲ್ಲಿ ಲೋಕಲ್ ಹಿಡಿದು ಬೊರಿವಲಿಗೆ ಹೋಗುವುದನ್ನು ಹತ್ತೊಂಬತ್ತು ವರ್ಷಗಳಿಂದ ತಪ್ಪಿಸಿರಲಿಲ್ಲ.

ಹುಡುಗಿ ಬಿ.ಕಾಂ. ಮುಗಿಸಿ ಕಂಟೆಂಪರರಿ ಡ್ಯಾನ್ಸ್ ಕಲಿಯುತ್ತೇನೆಂದು ಅಂಧೇರಿಯ ಸ್ಟುಡಿಯೋ ಒಂದಕ್ಕೆ ಹೋಗತೊಡಗಿದಳು. ಸೇವಂತಿ ಎರಡು ಸಲ ಅವಳ ಡ್ಯಾನ್ಸು ನೋಡಲು ಹೋಗಿದ್ದಳು. ಒಂದರಲ್ಲಿ ಹುಡುಗಿಯರು ಮುಕ್ಕಾಲು ಗಂಟೆ ನೆಲದ ಮೇಲೆ ಹೊರಳಿದರು. ಇನ್ನೊಂದರಲ್ಲಿ ಒಬ್ಬ ಹುಡುಗ ಬಕೆಟ್ಟಿನೊಳಗೆ ತಲೆ ಹಾಕಿ ಕುಳಿತಿದ್ದ.

"ಹಾಡು ಇಲ್ಲ, ಗೆಜ್ಜೆ ಇಲ್ಲ, ಒಬ್ಬರ ಮುಖದಲ್ಲೂ ನಗು ಇಲ್ಲ," ಎಂದು ಸೇವಂತಿ ಅಣ್ಣನೆದುರು ಗೋಳಾಡಿದಳು. "ಬಿಲ್ಡಿಂಗಿನವರು ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ನೋಡಿ ಇಟ್ಟಿದ್ದಾರೆ. ಇವಳಿಗೆ ಬುದ್ಧಿ ಹೇಳು ಅಣ್ಣ."

ಕೊನೆಗೆ ತಾಯಿ-ಮಗಳ ನಡುವೆ ಒಂದು ಒಪ್ಪಂದವಾಯಿತು. ನಿಶ್ಮಿತಾ ತಾನೇ ಮೊದಲ ಬಾರಿಗೆ ಒಂದು ಡ್ಯಾನ್ಸ್ ಕಟ್ಟಿದ್ದಳು. ಅದು ಗ್ರಾಂಟ್ ರೋಡಿನ ಒಂದು ಸಣ್ಣ ಹಾಲಿನಲ್ಲಿ ಭಾನುವಾರ ಸಂಜೆ ನಡೆಯುವುದಿತ್ತು. "ನಾನು ಬರ್ತೇನೆ," ಎಂದಳು ಸೇವಂತಿ. "ನನಗೆ ಅರ್ಥ ಆದರೆ ಒಂದು ವರ್ಷ ನಿನ್ನ ತಂಟೆಗೆ ಬರುದಿಲ್ಲ. ಅರ್ಥ ಆಗದಿದ್ದರೆ ಸೋಮವಾರ ಬೆಳಿಗ್ಗೆ ಆಫೀಸು."

ನಿಶ್ಮಿತಾಳ ಮುಖ ಬಿಳಚಿಕೊಂಡಿತು. ಆ ಡ್ಯಾನ್ಸು ಸ್ಟುಡಿಯೋದವರಿಗೇ ಪೂರ್ತಿ ಅರ್ಥವಾಗಿರಲಿಲ್ಲ.

ಮರುದಿನವೇ ಅವಳು ಹೋಟೆಲಿಗೆ ಬಂದು, ಪೂವಪ್ಪ ಐದು ದೋಸೆ ಎಡಗೈ ಮೇಲೆ ಜೋಡಿಸಿಕೊಂಡು ಬರುವುದನ್ನು ಮೊಬೈಲಿನಲ್ಲಿ ಹಿಡಿಯುತ್ತ ಕೂತಳು. ಅವನು ಕೆಲಸ ಮುಗಿಸಿ ಬಂದಾಗ ಒಂದು ಚಿತ್ರ ತೋರಿಸಿದಳು. ಗ್ರೀಸ್ ದೇಶದ ಎರಡೂವರೆ ಸಾವಿರ ವರ್ಷದ ಹಳೆಯ ಮಡಕೆ. ಅದರ ಮೇಲೆ ಪಕ್ಕಕ್ಕೆ ಮುಖ ಮಾಡಿ ನಿಂತ ಒಬ್ಬ ದೇವರು. ಹಣೆಯಿಂದ ಎಲ್ಲಿಯೂ ತಗ್ಗದೆ ನೇರ ಕೆಳಗಿಳಿದ ಮೂಗು.

"ಮಾಮ, ನೋಡಿ. ಈ ಮೂಗು. ಸೇಮ್ ಟು ಸೇಮ್ ನಿಮ್ದು."

ಪೂವಪ್ಪ ಮೂಗು ಮುಟ್ಟಿಕೊಂಡ. ಅವರ ಮನೆತನಕ್ಕೆಲ್ಲ ಇರುವ ಮೂಗು ಅದು. ಅದರ ದೆಸೆಯಿಂದ ಅವನಿಗೆ ಎರಡು ಸಂಬಂಧ ತಪ್ಪಿ ಹೋಗಿದ್ದವು. ಅಂಥ ಮೂಗನ್ನು ಒಂದು ದೇಶದವರು ದೇವರಿಗೆ ಅಂಟಿಸಿದ್ದಾರೆಂದು ಕೇಳಿ ಅವನಿಗೆ ಆ ದೇಶದ ಮೇಲೆ ತಕ್ಷಣ ಪ್ರೀತಿ ಹುಟ್ಟಿತು.

ನಿಶ್ಮಿತಾ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ವಿವರಿಸಿದಳು. ನೂರಿಪ್ಪತ್ತು ವರ್ಷದ ಹಿಂದೆ ಪಶ್ಚಿಮದ ಕೆಲವು ನರ್ತಕಿಯರು ಬಿಗಿ ಬೂಟು, ಬಿಗಿ ಉಡುಪು ಕಿತ್ತೆಸೆದು ಮ್ಯೂಸಿಯಮ್ಮುಗಳಿಗೆ ಹೋಗಿ ಇಂಥ ಮಡಕೆಗಳನ್ನು ನೋಡುತ್ತ ನಿಂತರು. ಬರಿಗಾಲು, ಹೊಲಿಯದ ಬಟ್ಟೆ, ಒಂದು ಹೆಗಲು ಹೊರಗೆ. ಮಡಕೆಯವರು ನಿಂತಂತೆ ನಿಂತರು, ನಡೆದಂತೆ ನಡೆದರು. ಈಗಿನ ಡ್ಯಾನ್ಸು ಹುಟ್ಟಿದ್ದರಲ್ಲಿ ಅದೂ ಒಂದು ಬೇರು.

"ಬರಿಗಾಲು, ಹೊಲಿಯದ ಬಟ್ಟೆ, ಒಂದು ಹೆಗಲು ಹೊರಗೆ," ಪೂವಪ್ಪ ಯೋಚಿಸಿದ. "ನಮ್ಮ ಅಡುಗೆ ಭಟ್ರೂ ಹಾಗೇ ಇರುದಲ್ವಾ?"

"ಎಕ್ಸಾಕ್ಟ್ಲಿ ಮಾಮ!" ಎಂದಳು ಅವಳು, ಹೆಚ್ಚು ಯೋಚಿಸದೆ.

ಡ್ಯಾನ್ಸಿನ ಕತೆ ಇಷ್ಟು. ಒಂದು ಊರಿಗೆ ಕಷ್ಟ ಬರುತ್ತದೆ. ಊರವರು ಒಬ್ಬೊಬ್ಬರಾಗಿ ದೇವರ ವಿಗ್ರಹದ ಮುಂದೆ ಕೈ ಎತ್ತಿ ಕರೆಯುತ್ತಾರೆ. ಹಳೆಯ ಗ್ರೀಕ್ ನಾಟಕಗಳಲ್ಲಾದರೆ ಎಷ್ಟೋ ಸಲ ಕೊನೆಗೆ ದೇವರನ್ನು ಹಗ್ಗ ಕಟ್ಟಿ ಮೇಲಿನಿಂದ ಇಳಿಸುತ್ತಿದ್ದರು, ಅವನು ಬಂದು ಎಲ್ಲವನ್ನೂ ಸರಿಮಾಡುತ್ತಿದ್ದ. "ನನ್ನ ಡ್ಯಾನ್ಸಲ್ಲಿ ಅವನು ಬರೋದೇ ಇಲ್ಲ," ಎಂದಳು ನಿಶ್ಮಿತಾ. "ಅದೇ ಪಾಯಿಂಟ್. ನೀವು ಸಿರ್ಫ್ ನಿಲ್ಲಬೇಕು. ಟ್ವೆಂಟಿ ಮಿನಿಟ್ಸ್. ಬಸ್, ಇಷ್ಟೇ."

"ಪಾಪ, ಅಷ್ಟು ಜನ ಕರೆದರೂ ಯಾಕೆ ಬರುದಿಲ್ಲ?"

"ಯಾಕಂದ್ರೆ ಲೈಫ್ ಹಾಗೇ, ಮಾಮ."

ಇಪ್ಪತ್ಮೂರರ ಹುಡುಗಿ ಹೀಗೆ ಹೇಳಿದ್ದು ಕೇಳಿ ಪೂವಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಒಪ್ಪಿಕೊಂಡ.

ಅಭ್ಯಾಸ ನಡೆಯುತ್ತಿದ್ದದ್ದು ಮಾಟುಂಗದಲ್ಲೇ, ಒಂದು ಕನ್ನಡ ಸಂಘದ ಮಹಡಿಯಲ್ಲಿ, ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ. ಒಂಬತ್ತು ಜನ ಹುಡುಗ ಹುಡುಗಿಯರು. ಅವರಿಗೆ ಆ ಮಡಕೆಯ ನಡಿಗೆ ಬರುತ್ತಿರಲಿಲ್ಲ. ಕಾಲು ಪಕ್ಕಕ್ಕೆ ಹೋಗಬೇಕು, ಎದೆ ಎದುರಿಗಿರಬೇಕು. ನಡೆದರೆ ಏಡಿಯ ಹಾಗೆ ಕಾಣುತ್ತಿದ್ದರು. ಪೂವಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕುರ್ಚಿಗಳನ್ನು ಒತ್ತೊತ್ತಾಗಿ ಎರಡು ಸಾಲು ಇಟ್ಟು, ಎಡಗೈ ಮೇಲೆ ಖಾಲಿ ತಟ್ಟೆಗಳನ್ನು ಜೋಡಿಸಿಕೊಂಡು, ನಡುವಿನ ಇಕ್ಕಟ್ಟಿನಲ್ಲಿ ಸರ್ರನೆ ಹೋಗಿ ಸರ್ರನೆ ಬಂದ. ಕಾಲು ಪಕ್ಕಕ್ಕೆ, ಎದೆ ಎದುರಿಗೆ, ಮುಖ ಹೋಗುವ ಕಡೆಗೆ. "ಟೇಬಲ್ ನಡುವೆ ನಾವು ಇಡೀ ದಿನ ಹೀಗೇ ಹೋಗುದು," ಎಂದ. ಹುಡುಗರು ಚಪ್ಪಾಳೆ ತಟ್ಟಿದರು. ಅವರಲ್ಲಿ ಹಿತೇಶ್ ಎಂಬ ಗುಜರಾತಿ ಹುಡುಗ ಪೂವಪ್ಪನ ಕಾಲಿಗೇ ಬಿದ್ದ.

ಅಲ್ಲಿಗೆ ಅವನ ಮರ್ಯಾದೆ ಮುಗಿಯಿತು. ಏಕೆಂದರೆ ಅದಾದ ಮೇಲೆ ಅವನನ್ನು ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿದರು, ಮತ್ತು ಹಿತೇಶ್ ಅಳು ಮುಖ ಮಾಡಿಕೊಂಡು ಕೈ ಎತ್ತಿದ.

ದೇವರು ಸ್ಟೂಲಿನಿಂದ ಹಾರಿ ಅವನ ಮುಂದೆ ನಿಂತು ಕೇಳಿದ: "ಹಾಂ, ಬೋಲಿಯೇ."

ಹಿತೇಶ್ ಆ ಸ್ವರಕ್ಕೆ ಅಭ್ಯಾಸಬಲದಿಂದ ಉತ್ತರ ಕೊಟ್ಟುಬಿಟ್ಟ: "ಏಕ್ ಮೈಸೂರ್ ಮಸಾಲಾ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ಸಲ ಮಾಡಿಸಿದರು, ದೇವರು ಮತ್ತೆ ಇಳಿದ. ಐದನೆಯ ಸಲಕ್ಕೆ ಯಾರೂ ನಗಲಿಲ್ಲ. ಕಣ್ಣು ಮುಚ್ಚಿ ನಿಲ್ಲಿ ಎಂದರು. ಮಧ್ಯಾಹ್ನದ ಹೊತ್ತು ಕಣ್ಣು ಮುಚ್ಚಿದರೆ ನಿಂತಲ್ಲೇ ನಿದ್ದೆ ಮಾಡುವ ವಿದ್ಯೆ ಎಲ್ಲ ಸಪ್ಲೈಯರರಿಗೂ ಗೊತ್ತು. ದೇವರು ಗೊರಕೆ ಹೊಡೆದ. ಕಾಲು ಎರಡನ್ನೂ ಪಂಚೆಯಿಂದ ಸ್ಟೂಲಿಗೆ ಕಟ್ಟಿದರು. ಲಾವಣ್ಯಾ ಎಂಬ ಹುಡುಗಿ, ಕೊನೆಗೆ ಬಂದು ಎಲ್ಲರಿಗಿಂತ ಹೆಚ್ಚು ಹೊತ್ತು ಕರೆಯುವವಳು, ಕೈ ಎತ್ತಿದಳು. ದೇವರು ಸ್ಟೂಲಿನ ಸಮೇತ ಹೊರಟ, ಬೋರಲಾಗಿ ಬಿದ್ದ, ಆ ಮೂಗಿಗೇ ಪೆಟ್ಟಾಯಿತು.

ನಿಶ್ಮಿತಾ ಮೂಲೆಯಲ್ಲಿ ಮಂಡಿಗೆ ತಲೆ ಕೊಟ್ಟು ಕೂತಳು. ಭಾನುವಾರಕ್ಕೆ ನಾಲ್ಕು ದಿನ ಉಳಿದಿತ್ತು.

ಪೂವಪ್ಪನಿಗೆ ಅನ್ನ ಇಳಿಯಲಿಲ್ಲ. ಹುಡುಗಿಗೆ ತನ್ನಿಂದ ಆಗಬೇಕಾದ ಕೆಲಸ ಒಂದೇ, ಅದೂ ಏನನ್ನೂ ಮಾಡದೆ ಇರುವ ಕೆಲಸ, ಅದೂ ತನ್ನಿಂದ ಆಗುತ್ತಿಲ್ಲ. ಹೋಟೆಲಿನ ಹಿಂಬಾಗಿಲಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದವನನ್ನು ಏನಾಯಿತೆಂದು ನಿಂಗಣ್ಣ ಕೇಳಿದ. ನಿಂಗಣ್ಣ ಪಕ್ಕದ ಟೇಬಲುಗಳ ಸಪ್ಲೈಯರ್, ವಿಜಯಪುರದ ಕಡೆಯವನು.

ಎಲ್ಲ ಕೇಳಿಕೊಂಡು ನಿಂಗಣ್ಣ ನಕ್ಕ. "ಅಲ್ರೀ ಪೂವಪ್ಪಣ್ಣ, ನನ್ನ ಟೇಬಲ್ನ್ಯಾಗ ಗಿರಾಕಿ ಕೈ ಎತ್ತಿದ್ರ ನೀವು ಹೋಗ್ತೀರೇನು?"

"ಛೆ, ಅದು ಹೇಗೆ ಹೋಗುದು? ನಿನ್ನ ಟೇಬಲಿಗೆ ನಾನು ಹೋದರೆ ನಿನಗೆ ಅವಮಾನ ಅಲ್ವಾ?"

"ಮತ್ತ? ಆ ಹುಡುಗ್ರೆಲ್ಲಾ ನನ್ನ ಟೇಬಲ್ನ್ಯಾಗ ಕುಂತಾರ ಅಂತ ತಿಳ್ಕೋರಿ. ಮುಗೀತಲ್ಲ!"

ಪೂವಪ್ಪ ಬಾಯಿ ತೆರೆದುಕೊಂಡು ಅವನನ್ನೇ ನೋಡಿದ. ಎದ್ದು ಅಪ್ಪಿಕೊಂಡ.

ಮರುದಿನ ಸ್ಟೂಲು ಹತ್ತಿ ನಿಂತವನು ಬೇರೆಯೇ ಪೂವಪ್ಪ. ತನ್ನದಲ್ಲದ ಟೇಬಲಿನ ಗಿರಾಕಿಯ ಎದುರು ಸಪ್ಲೈಯರನ ಮುಖ ಹೇಗಾಗುತ್ತದೆಂದು ನಿಮಗೆ ಗೊತ್ತಿದೆ. ನೀವು ಕೈ ಬೀಸುತ್ತೀರಿ, ಕೆಮ್ಮುತ್ತೀರಿ, ಅವನ ಕಣ್ಣು ನಿಮ್ಮ ತಲೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಾದು ಗೋಡೆಯ ಗಡಿಯಾರದ ಮೇಲೆ ನಿಲ್ಲುತ್ತದೆ. ಅವನಿಗೆ ನೀವು ಹುಟ್ಟಿಯೇ ಇಲ್ಲ. ಅದೇ ಮುಖವನ್ನು ಹೊತ್ತು ಪೂವಪ್ಪ ಇಪ್ಪತ್ತು ನಿಮಿಷ ನಿಂತ. ಹಿತೇಶ್ ಗೋಗರೆದ, ಲಾವಣ್ಯಾ ಮೊಣಕಾಲೂರಿ ಕರೆದಳು, ದೇವರ ರೆಪ್ಪೆ ಅಲುಗಲಿಲ್ಲ.

"ಓ ಮೈ ಗಾಡ್," ಎಂದಳು ನಿಶ್ಮಿತಾ. ಅವಳ ರೋಮ ಎದ್ದಿತ್ತು. "ಇಷ್ಟು ಕ್ರೂರವಾದ ದೇವರನ್ನ ನಾನು ಎಲ್ಲೂ ನೋಡಿಲ್ಲ."

ಪೂವಪ್ಪನಿಗೆ ಹೆಮ್ಮೆಯಾಯಿತು. ಜೊತೆಗೆ, ಯಾಕೋ, ಸ್ವಲ್ಪ ನಾಚಿಕೆಯೂ ಆಯಿತು.

ಭಾನುವಾರ ಬಂತು. ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ ಭಾನುವಾರಕ್ಕೆ ರಜೆ ಕೇಳಿದ ಪೂವಪ್ಪನಿಂದ ಧಣಿಗಳು ಎರಡು ಸಲ ಕಾರಣ ಹೇಳಿಸಿದರು. ದೇವರಾಗಿ ನಿಲ್ಲಬೇಕೆಂದಾಗ ಕೈ ಮುಗಿದು ಕಳಿಸಿಕೊಟ್ಟರು. ಗ್ರಾಂಟ್ ರೋಡಿನ ಹಾಲಿನಲ್ಲಿ ಅವನ ಮುಖಕ್ಕೂ ಮೈಗೂ ಬಿಳಿ ಬಣ್ಣ ಬಳಿದು, ಬಿಳಿ ಬೆಡ್‌ಶೀಟು ಉಡಿಸಿ, ಒಂದು ಹೆಗಲು ಹೊರಗೆ ಬಿಟ್ಟರು. ಹುಡುಗರ ಬಟ್ಟೆ ಜಾರುತ್ತಿದ್ದದ್ದನ್ನು ಕಂಡು ಅವನೇ ಒಬ್ಬೊಬ್ಬರಿಗೂ ಕಚ್ಚೆ ಬಿಗಿದು ಕಟ್ಟಿಕೊಟ್ಟ. ಪರದೆಯ ಸಂದಿಯಿಂದ ನೋಡಿದ. ಮೂರನೆಯ ಸಾಲಿನಲ್ಲಿ ಸೇವಂತಿ ಕೂತಿದ್ದಳು, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಪರೀಕ್ಷೆಯ ಮೇಷ್ಟರ ಮುಖ ಮಾಡಿಕೊಂಡು.

ಅವನನ್ನು ಪೀಠದ ಮೇಲೆ ಹತ್ತಿಸಿ, ಇನ್ನು ಅಲುಗಬೇಡಿ ಎಂದು ಹೇಳಿ ಹೋದ ಮೇಲೆ ಒಳಗೆ ಒಂದು ಅನಾಹುತ ನಡೆಯಿತು. ಲಾವಣ್ಯಾ ದಾದರಿನ ಸೇತುವೆಯಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಕಾಲು ಉಳುಕಿಸಿಕೊಂಡಿದ್ದಾಳೆಂದು ಫೋನು ಬಂತು. ಕೊನೆಗೆ ಕರೆಯುವವಳ ಪಾತ್ರ ಇನ್ನು ಯಾರು ಮಾಡಬೇಕು? ಹೆಜ್ಜೆಗಳೆಲ್ಲ ಗೊತ್ತಿದ್ದವಳು ಒಬ್ಬಳೇ, ಕಟ್ಟಿದವಳು. ನಿಶ್ಮಿತಾ ಬಟ್ಟೆ ಬದಲಿಸಿದಳು. ಇದನ್ನು ದೇವರಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬೆಳಕು ಬಂತು. ಮಡಕೆಯಿಂದ ಇಳಿದವರಂತೆ ಎಂಟು ಜನ ಪಕ್ಕದ ನಡಿಗೆಯಲ್ಲಿ ಬಂದರು. ಹಿತೇಶ್ ಕೈ ಎತ್ತಿದ. ಪೂವಪ್ಪ ಮನಸ್ಸಿನಲ್ಲೇ, ನಿಂಗಣ್ಣನ ಟೇಬಲ್, ಎಂದ. ಎರಡನೆಯವಳು ಕೈ ಎತ್ತಿದಳು. ನಿಂಗಣ್ಣನ ಟೇಬಲ್. ಎಂಟು ಜನ ಎಂಟು ಬಗೆಯಲ್ಲಿ ಕರೆದು, ಸೋತು, ನೆಲಕ್ಕೆ ಬಿದ್ದರು. ದೇವರು ಎದುರಿನ ಗೋಡೆಯ ಕೆಂಪು ದೀಪವನ್ನು ನೋಡುತ್ತ ನಿಂತಿದ್ದ. ನೋಡುತ್ತಿದ್ದವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಇಂಥ ಮುಖದ ಮುಂದೆ ಒಮ್ಮೆಯಾದರೂ ಕಾಯದವರು ಮುಂಬಯಿಯಲ್ಲಿ ಯಾರಿದ್ದಾರೆ?

ಒಂಬತ್ತನೆಯವಳು ಬಂದಳು. ಪೀಠದ ಮುಂದೆ ಮೊಣಕಾಲೂರಿ ಕೈ ಎತ್ತಿದಳು.

ಪೂವಪ್ಪ ನೋಡಬಾರದಿತ್ತು. ಆದರೆ ಆ ಕೈಯನ್ನು ಕಣ್ಣಂಚಿನಲ್ಲೇ ಗುರುತು ಹಿಡಿದ. ಬೊರಿವಲಿಯ ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ, ಎಲ್ಲರ ಸೊಂಟದೆತ್ತರಕ್ಕೂ ಬಾರದ ಐದು ವರ್ಷದ ಹುಡುಗಿ, ಮಾಮ ಲೋಕಲಿನಿಂದ ಇಳಿದದ್ದು ಕಂಡ ಕೂಡಲೇ ಎತ್ತುತ್ತಿದ್ದ ಕೈ ಅದು. ಎತ್ತಿಕೋ ಎನ್ನುವ ಕೈ.

ನಿಂಗಣ್ಣನ ಟೇಬಲ್, ಎಂದುಕೊಂಡ. ಬೆವರು ಬಿಳಿ ಬಣ್ಣದೊಳಗೆ ಇಳಿಯಿತು. ನಿಂಗಣ್ಣನ ಟೇಬಲ್. ನಿಶ್ಮಿತಾ ಇನ್ನೂ ಮೇಲಕ್ಕೆ ಕೈ ಚಾಚಿದಳು, ಕತ್ತು ಎತ್ತಿದಳು, ಬಾಯಿ ಬಿಟ್ಟು ಸ್ವರವಿಲ್ಲದೆ ಕರೆದಳು. ಮೂರನೆಯ ಸಲ ನಿಂಗಣ್ಣನ ಹೆಸರು ಎತ್ತುವಾಗ ಪೂವಪ್ಪನಿಗೆ ನಿಂಗಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇವಳು ಅವನ ಟೇಬಲ್ ಹೇಗಾದಾಳು? ವಿಜಯಪುರದವನಿಗೂ ಇವಳಿಗೂ ಏನು ಸಂಬಂಧ? ಹತ್ತೊಂಬತ್ತು ವರ್ಷದಿಂದ ಇದು ನನ್ನ ಟೇಬಲ್!

ದೇವರು ಪೀಠದಿಂದ ಇಳಿದ. ಬಿದ್ದ ಎಂಟು ಜನರ ನಡುವಿನ ಇಕ್ಕಟ್ಟಿನಲ್ಲಿ, ಕಾಲು ಪಕ್ಕಕ್ಕೆ, ಎದೆ ಎದುರಿಗೆ, ಯಾರನ್ನೂ ಮೆಟ್ಟದೆ ಸರ್ರನೆ ಬಂದ. ಅವಳ ಮುಂದೆ ಸೊಂಟ ಬಗ್ಗಿಸಿ ನಿಂತ.

"ಎಂತ ಬೇಕು ಮಗಾ?"

ಹಾಲ್ ಸಣ್ಣದು. ಕೊನೆಯ ಸಾಲಿಗೂ ಕೇಳಿಸಿತು.

ನಿಶ್ಮಿತಾ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಮಾಮ, ವಾಪಸ್ ಹೋಗಿ!" ಅಷ್ಟರಲ್ಲಿ ತಡವಾಗಿತ್ತು. ನೆಲದಲ್ಲಿ ಬಿದ್ದಿದ್ದ ಹಿತೇಶ್ ಒಂದು ಕಣ್ಣು ತೆರೆದು, ದೇವರು ಬಂದದ್ದನ್ನು ನೋಡಿ, ಏನಾದರೂ ಮಾಡಿ ಮಾನ ಉಳಿಸಬೇಕೆಂದು ತಾನೂ ಕೈ ಎತ್ತಿದ. ಅವನನ್ನು ನೋಡಿ ಉಳಿದವರೂ ಎತ್ತಿದರು. "ಬಂದೆ, ಬಂದೆ, ಒಂದು ನಿಮಿಷ," ಎನ್ನುತ್ತ ಪೂವಪ್ಪ ಓಡಾಡತೊಡಗಿದ. ಒಬ್ಬಳ ತಲೆ ಸವರಿದ, ಒಬ್ಬನನ್ನು ಎಬ್ಬಿಸಿ ಕೂರಿಸಿದ, ಇನ್ನೊಬ್ಬನ ಬಿಚ್ಚಿದ ಕಚ್ಚೆಯನ್ನು ಕಟ್ಟಿದ. ದೇವರು ಅಲುಗದೆ ನಿಂತಿರುವಾಗ ದೀಪ ಆರಿಸಬೇಕೆಂದು ದೀಪದವನಿಗೆ ಹೇಳಿತ್ತು. ದೇವರು ನಿಲ್ಲಲೇ ಇಲ್ಲ. ದೀಪದವನು ಕಾದೂ ಕಾದೂ ಏಳು ನಿಮಿಷದ ನಂತರ ಕೈ ಚೆಲ್ಲಿ ಆರಿಸಿದ. ಕತ್ತಲಲ್ಲಿ ಚಪ್ಪಾಳೆ ಬಿತ್ತು, ನಡುನಡುವೆ ನಗುವೂ ಇತ್ತು.

ಮೆಟ್ಟಿಲ ಬಳಿ ನಿಶ್ಮಿತಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಪೂವಪ್ಪ ಬೆಡ್‌ಶೀಟಿನಲ್ಲೇ ಅವಳ ಹಿಂದೆ ಬಂದು ತಲೆ ತಗ್ಗಿಸಿ ನಿಂತ. ಹುಡುಗಿಯ ಒಂದು ವರ್ಷವನ್ನು ತಾನೇ ತಿಂದು ಹಾಕಿದೆನೆಂದು ಅವನಿಗೆ ಖಾತ್ರಿಯಾಗಿತ್ತು. ಸಾಯುವಷ್ಟು ನಾಚಿಕೆಯಾಗಿತ್ತು.

ಸೇವಂತಿ ಬಂದಳು. ಕಣ್ಣು ಕೆಂಪಾಗಿತ್ತು, ಸೆರಗು ಒದ್ದೆಯಾಗಿತ್ತು.

"ನನಗೆ ಎಂಥ ಸಿಟ್ಟು ಬಂದಿತ್ತು ಗೊತ್ತುಂಟಾ ಅಣ್ಣ! ಅಷ್ಟು ಜನ ಕರೀತಾರೆ, ನೀನು ಮರದ ಕೊರಡಿನ ಹಾಗೆ ನಿಂತಿದ್ದೀ. ಎದ್ದು ಬಂದು ಎರಡು ಬಿಡ್ತಿದ್ದೆ ನಿನಗೆ." ಮಗಳ ಕಡೆ ತಿರುಗಿದಳು. "ನನಗೆ ಅರ್ಥ ಆಯ್ತು ಮಗಾ. ಎಲ್ಲ ಅರ್ಥ ಆಯ್ತು. ಇದರಲ್ಲಿ ಅರ್ಥ ಆಗದ್ದು ಎಂತ ಉಂಟು? ಹುಡುಗಿ ಕೈ ಎತ್ತಿತು, ಮಾಮ ಬಂದ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಆದದ್ದೇ ಇದಲ್ವಾ? ಇಷ್ಟು ಚಂದ ಮಾಡಿ ತೋರಿಸ್ಲಿಕ್ಕೆ ನಿನಗೆ ಬರ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆಫೀಸಿನವರಿಗೆ ನಾನೇ ಫೋನ್ ಮಾಡಿ ಬೇಡ ಅಂತೇನೆ."

"ಅಮ್ಮ, ಅದು..." ನಿಶ್ಮಿತಾ ಬಾಯಿ ತೆರೆದಳು. ಅದು ತಪ್ಪು, ಅವನು ಬರಬಾರದಿತ್ತು, ನನ್ನ ಡ್ಯಾನ್ಸಿನ ಅರ್ಥ ಅದರ ತಿರುಗುಮುರುಗು: ಇಷ್ಟೂ ಅವಳ ಮುಖದಲ್ಲಿತ್ತು.

"ಸೇವಂತಿ, ತಪ್ಪು ನನ್ನದು, ನಾನು..." ಎಂದು ಪೂವಪ್ಪ ಶುರುಮಾಡಿದ. ನಿಶ್ಮಿತಾ ಅವನ ಬರಿಗಾಲನ್ನು ಬಲವಾಗಿ ತುಳಿದಳು. ಅವನು ಬಾಯಿ ಮುಚ್ಚಿದ.

"ಇನ್ನೊಮ್ಮೆ ಮಾಡುವಾಗ ಬಿಲ್ಡಿಂಗಿನವರನ್ನೆಲ್ಲ ಕರೆದುಕೊಂಡು ಬರ್ತೇನೆ," ಎಂದಳು ಸೇವಂತಿ. "ಆಗಲೂ ಮಾಮ ಇಳಿದು ಬರ್ತಾನಲ್ವಾ?"

ನಿಶ್ಮಿತಾ ಮಾಮನ ಕಡೆ ತಿರುಗಿದಳು. ಬಣ್ಣ ಕರಗಿ ಕೆನ್ನೆಯಲ್ಲಿ ಬಿಳಿ ಗೆರೆಗಳಾಗಿ, ಜಾರಿದ ಬೆಡ್‌ಶೀಟನ್ನು ಹೊಟ್ಟೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡು, ಬೈಗುಳ ಕಾಯುತ್ತ ನಿಂತ ಆ ಮನುಷ್ಯನನ್ನು ನೋಡಿದಳು.

"ಬರ್ತಾರೆ ಅಮ್ಮ," ಎಂದಳು. "ಇವರನ್ನ ನಿಲ್ಲಿಸ್ಲಿಕ್ಕೆ ಯಾರಿಂದ ಆಗ್ತದೆ?"

ಹೇಳಿದವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಅವಳು ಬೆಡ್‌ಶೀಟಿನ ತುದಿ ಎಳೆದುಕೊಂಡು ಮೂಗು ಒರೆಸಿಕೊಂಡಳು, ಪೂವಪ್ಪ ಅದು ಬಿಚ್ಚಿ ಹೋಗದಂತೆ ಗಟ್ಟಿಯಾಗಿ ಹಿಡಿದುಕೊಂಡು, ಅವಳು ಮುಗಿಸುವ ತನಕ ಅಲುಗದೆ ನಿಂತ.